ಕಡಿಮೆ ತೂಗಿದ ಕೈ

ತಮ್ಮ ಕೈ ಸರಿಹೋಗುತ್ತಿದೆ ಎಂಬುದು ಯಾರಿಗೂ ತಿಳಿಯಬಾರದೆಂದು ಇನ್‌ಸ್ಪೆಕ್ಟರು ಬೆಳಗಿನಿಂದ ಹೆಣಗುತ್ತಿದ್ದರು. ಅಂಗಿ ಹಾಕಿಕೊಳ್ಳುವ ಹೊತ್ತಿನಲ್ಲೇ ಪೇಚಾಟ ಹೆಚ್ಚು. ಬಲಗೈ ಯಾರ ಅಪ್ಪಣೆಗೂ ಕಾಯದೆ ಎದೆಯ ಮೇಲಕ್ಕೆ ಬರುತ್ತಿತ್ತು, ಹೆಬ್ಬೆರಳೂ ತೋರುಬೆರಳೂ ಸೇರಿ ಗುಂಡಿಯನ್ನು ಹುಡುಕುತ್ತಿದ್ದವು. ಅದನ್ನು ಎಡಗೈಯಿಂದ ಹಿಡಿದು, ತುಂಟ ಮಗುವನ್ನು ಕೂರಿಸುವ ಹಾಗೆ, ತೊಡೆಯ ಮೇಲೆ ಕೂರಿಸಬೇಕಾಗುತ್ತಿತ್ತು. ಆರು ತಿಂಗಳ ಹಿಂದೆ ಇದೇ ಕೈ ಊಟದ ತಟ್ಟೆಯ ಪಕ್ಕದಲ್ಲಿ ಬಿದ್ದುಕೊಂಡು, ಎತ್ತು ಎಂದರೆ ಎತ್ತದೆ, ಇದು ಯಾರದಪ್ಪಾ ಎನ್ನುವಂತೆ ಪರಕೀಯವಾಗಿತ್ತು. ಆಗ ಅದು ಬರಲೆಂದು ಹಂಬಲಿಸಿದವರೇ ಈಗ ಅದಕ್ಕೆ ಬೇಡಿ ಹಾಕುತ್ತಿದ್ದರು. ಜೊತೆಗಿದ್ದ ಅಕ್ಕ, ಅವರಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಮಂಡಿ ಹಿಡಿದುಕೊಂಡು ಬಂದು ಗುಂಡಿಗೆ ಕೈಹಾಕಿದಳು.

"ಕತ್ತು ಎತ್ತೋ. ಸ್ಕೂಲಿಗೆ ಹೋಗುವಾಗಲೂ ನಾನೇ ಹಾಕ್ತಿದ್ದೆ, ಈಗಲೂ ನಾನೇ. ಮಧ್ಯೆ ಒಂದಷ್ಟು ದಿನ ನೀನು ದೊಡ್ಡ ಮನುಷ್ಯ ಆಗಿದ್ದೆ, ಅಷ್ಟೆ."

"ಹೂಂ" ಎಂದರು ಇನ್‌ಸ್ಪೆಕ್ಟರು. ಅಕ್ಕನ ಬೆರಳುಗಳು ಗಂಟುಗಂಟಾಗಿ ನಡುಗುತ್ತಿದ್ದವು. ಒಂದೊಂದು ಗುಂಡಿಗೂ ಅವಳು ಮೂರು ಸಲ ಗುರಿ ಇಡುತ್ತಿದ್ದಳು. ತೊಡೆಯ ಮೇಲಿದ್ದ ತಮ್ಮ ಬೆರಳುಗಳು ಇದಕ್ಕಿಂತ ಚುರುಕಾಗಿವೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾಚಿಕೆಯಾಯಿತು. ಆದರೂ ಕತ್ತು ಎತ್ತಿಕೊಂಡೇ ಕೂತರು. ಅಕ್ಕ ಸ್ನಾನಕ್ಕೆ ಹೋದಾಗಲೆಲ್ಲ ಅವರು ಮಂಚದ ಕೆಳಗಿನ ಡಬ್ಬಿಯನ್ನು ಹೊರಗೆಳೆಯುತ್ತಿದ್ದರು. ಅದರಲ್ಲಿ ನಿವೃತ್ತಿಯ ದಿನ ತೂಕ-ಅಳತೆ ಇಲಾಖೆಯ ಕಚೇರಿಯವರು ನೆನಪಿಗೆಂದು ಕೊಟ್ಟ ಹಿತ್ತಾಳೆಯ ತೂಕದ ಬಟ್ಟುಗಳಿದ್ದವು. ಮೊದಮೊದಲು ಕೇಜಿಯ ಬಟ್ಟನ್ನು ನೂಕುವುದೇ ದೊಡ್ಡ ಸಾಹಸವಾಗಿತ್ತು. ಈಗ ಬೇಳೆಕಾಳಿನಷ್ಟು ಸಣ್ಣ ಬಟ್ಟನ್ನೂ ಎರಡು ಬೆರಳಲ್ಲಿ ಎತ್ತಿ ಅದರ ಗುಳಿಯಲ್ಲಿ ಕೂರಿಸುತ್ತಿದ್ದರು. ಬಚ್ಚಲಲ್ಲಿ ನೀರಿನ ಸದ್ದು ನಿಂತ ಕೂಡಲೇ ಡಬ್ಬಿ ಮಂಚದ ಕೆಳಗೆ, ಕೈ ತೊಡೆಯ ಮೇಲೆ. ತಾವು ಒಂದು ಕಾಲದಲ್ಲಿ ಊರಿನ ಅಂಗಡಿಗಳನ್ನೆಲ್ಲ ನಡುಗಿಸಿದವರು, ತಕ್ಕಡಿಯ ತಟ್ಟೆಯ ಕೆಳಗೆ ಅಂಟಿಸಿದ ಮೇಣವನ್ನು ಮೂಸಿಯೇ ಕಂಡುಹಿಡಿದವರು. ಅಂಗಡಿಯವರು ಬೆನ್ನ ಹಿಂದೆ ತಮ್ಮನ್ನು 'ಮುಳ್ಳು' ಎಂದು ಕರೆಯುತ್ತಿದ್ದರೆಂದು ಗೊತ್ತಾದಾಗ ಹೆಮ್ಮೆಪಟ್ಟವರು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ ಎಂದು ಅಂದುಕೊಂಡು ಅವರಿಗೆ ಒಳಗೊಳಗೇ ನಗು ಬಂತು. ಇವತ್ತು ಆಸ್ಪತ್ರೆಯ ದಿನ. ಮಗಳು ಬರುವ ದಿನ.

ಕಾರು ಬಂದು ನಿಂತಾಗ ಅವರು ಆಗಲೇ ಬಾಗಿಲಲ್ಲಿದ್ದರು. ಮಗಳು ಇಳಿದು, ಅತ್ತೆಯ ಮಂಡಿ ವಿಚಾರಿಸಿ, ಅಪ್ಪನ ಕೈಯನ್ನು ಒಂದು ಸಲ ನೋಡಿ, "ಹೇಗಿದೆ?" ಎಂದಳು. "ಹಾಗೇ ಇದೆ" ಎಂದರು. ಪ್ರತಿ ವಾರವೂ ಇಷ್ಟೇ ಪ್ರಶ್ನೆ, ಇಷ್ಟೇ ಉತ್ತರ. ಆಮೇಲೆ ದಾರಿಯುದ್ದಕ್ಕೂ ಅವಳು ರಸ್ತೆಯ ಮೇಲೆ ಕಣ್ಣಿಟ್ಟು ಓಡಿಸುತ್ತಿದ್ದಳು, ಇವರು ಅವಳ ಕಿವಿಯ ಹಿಂದೆ ಹೊಸದಾಗಿ ಕಂಡ ನರೆಗೂದಲನ್ನು ನೋಡುತ್ತ ಕೂತಿರುತ್ತಿದ್ದರು. ಎಷ್ಟು ಕಾಲದಿಂದ ಮನೆಯ ಹೊಸ್ತಿಲು ತುಳಿಯದಿದ್ದವಳು! ಲಕ್ವ ಹೊಡೆದ ಮೇಲೆ, ವಾರಕ್ಕೊಮ್ಮೆ ಮನೆಯವರೊಬ್ಬರು ಜೊತೆಗೆ ಬರಲೇಬೇಕು, ಕಸರತ್ತು ಕಲಿತುಕೊಳ್ಳಬೇಕು ಎಂದು ಆಸ್ಪತ್ರೆಯವರು ಹೇಳಿದ್ದಕ್ಕೆ ಅಕ್ಕ ಫೋನು ಮಾಡಿದ್ದಳು. ಮಗಳು ಹೂಂ ಎಂದೂ ಅನ್ನಲಿಲ್ಲವಂತೆ, ಊಹೂಂ ಎಂದೂ ಅನ್ನಲಿಲ್ಲವಂತೆ. ಮುಂದಿನ ವಾರ ಬಂದು ನಿಂತಿದ್ದಳು. ಕಾರಿನೊಳಗಿನ ಈ ಮೌನ ಇನ್‌ಸ್ಪೆಕ್ಟರಿಗೆ ಅಭ್ಯಾಸವಾಯಿತು, ಅಭ್ಯಾಸವಾದದ್ದು ಬೇಕೆನಿಸಿತು. ಮಾತಾಡದಿದ್ದರೇನು, ಗೇರು ಬದಲಿಸುವಾಗ ಅವಳ ಮೊಣಕೈ ತಮ್ಮ ಅಂಗಿಗೆ ತಾಗುತ್ತದಲ್ಲ. ಒಂದು ದಿನ ಸಿಗ್ನಲ್ಲಿನಲ್ಲಿ ನಿಂತಾಗ ಅವಳು ತಾನಾಗಿಯೇ, "ಬಿಸಿಲು ಜಾಸ್ತಿ ಆಯ್ತಾ? ಗಾಜು ಏರಿಸ್ಲಾ?" ಎಂದು ಕೇಳಿದ್ದಳು. ಆ ರಾತ್ರಿ ಅವರು ಅದನ್ನೇ ಮೆಲುಕು ಹಾಕುತ್ತ ಮಲಗಿದ್ದರು. ಕೈ ಬರತೊಡಗಿದ್ದು ಅದೇ ದಿನಗಳಲ್ಲಿ. ಅದನ್ನು ಮುಚ್ಚಿಡಬೇಕೆಂದು ತೋಚಿದ್ದೂ ಆಗಲೇ.

ಅವರ ಲೆಕ್ಕಾಚಾರ ಅವರ ಇಲಾಖೆಯದು. ಸರಿ ಇರುವ ತಕ್ಕಡಿಗೆ ಮುದ್ರೆ ಒತ್ತಿದರೆ ಇನ್‌ಸ್ಪೆಕ್ಟರು ಮತ್ತೆ ಆ ಅಂಗಡಿಯ ಕಡೆ ತಲೆ ಹಾಕುವುದು ಮರುವರ್ಷವೇ. ತಪ್ಪು ತೋರಿಸುವ ತಕ್ಕಡಿಯ ಕಡೆಗೆ ಮಾತ್ರ ಮತ್ತೆ ಮತ್ತೆ ಹೋಗಬೇಕು. ರಿಪೇರಿ ಆಯಿತೇ, ಮುಳ್ಳು ನೆಟ್ಟಗೆ ನಿಂತಿತೇ ಎಂದು ನೋಡುತ್ತಲೇ ಇರಬೇಕು. ಹಾಗಾದರೆ ಈ ಕೈ ಸರಿ ತೂಗಬಾರದು. ಪೂರ್ತಿ ಸೊನ್ನೆಯೂ ಆಗಬಾರದು, ತುಂಬಲೂ ಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಷ್ಟು ಸುಲಭದ ಉಪಾಯ ಹೊಳೆದದ್ದಕ್ಕೆ ಅವರಿಗೆ ತಮ್ಮ ಬಗ್ಗೆಯೇ ಮೆಚ್ಚುಗೆಯಾಗಿತ್ತು. ಆ ಮೆಚ್ಚುಗೆಯ ರುಚಿ ಎಲ್ಲೋ ಪರಿಚಿತ ಎನ್ನಿಸಿ ಆಮೇಲೆ ಕಸಿವಿಸಿಯಾಗಿತ್ತು. ಅಳಿಯನ ಅಂಗಡಿಗೆ ಹೋದ ದಿನವೂ ಅವರಿಗೆ ತಮ್ಮ ಬಗ್ಗೆ ಇಂಥದೇ ಮೆಚ್ಚುಗೆ ಇತ್ತಲ್ಲ. ಅಳಿಯನದು ಮೊಳೆ, ತಿರುಪು, ಬಾಗಿಲ ಚಿಲಕಗಳ ಅಂಗಡಿ. ಮೊಳೆಗಳನ್ನು ತೂಕಕ್ಕೆ ಮಾರುತ್ತಿದ್ದ. ತನಿಖೆಗೆ ಬೇರೆಯವರನ್ನು ಕಳಿಸಬಹುದಿತ್ತು, ಮೇಲಧಿಕಾರಿ ಹಾಗೆಯೇ ಹೇಳಿದ್ದರು. ಇವರೇ ಹಟ ಹಿಡಿದು ಹೋದರು. ಸ್ವಂತ ಅಳಿಯನನ್ನೂ ಬಿಡಲಿಲ್ಲ ಎಂದು ನಾಲ್ಕು ಜನ ಆಡಿಕೊಳ್ಳಲಿ ಎಂಬ ಆಸೆ. "ಮಾವ ಬಂದ್ರು, ಒಳಗಿಂದ ಕುರ್ಚಿ ತಗೊಂಬನ್ನಿ" ಎಂದು ಅಳಿಯ ಸಂಭ್ರಮಪಟ್ಟ. ಇವರು ಕೂರಲಿಲ್ಲ. ಇಲಾಖೆಯ ಬಟ್ಟುಗಳನ್ನಿಟ್ಟು ನೋಡಿದರೆ ತಕ್ಕಡಿ ತಪ್ಪಾಗಿತ್ತು. ಆದರೆ ಗಿರಾಕಿಗೆ ಮೋಸ ಮಾಡುವ ತಪ್ಪಲ್ಲ. ಪ್ರತಿ ಕೇಜಿಗೆ ಒಂದು ಹಿಡಿ ಮೊಳೆ ಹೆಚ್ಚಾಗಿಯೇ ಹೋಗುತ್ತಿತ್ತು. ಅಳಿಯ ಹಣೆ ಚಚ್ಚಿಕೊಂಡು ನಕ್ಕ. "ಅದಕ್ಕೇ ನೋಡಿ ಮಾವ, ಎಷ್ಟು ಮಾರಿದ್ರೂ ಲಾಭ ಕಾಣ್ತಾನೇ ಇರ್ಲಿಲ್ಲ!" ಇವರು ನಗಲಿಲ್ಲ. ನಿಯಮದ ಪ್ರಕಾರ ಹೆಚ್ಚಾದರೂ ತಪ್ಪೇ, ಕಡಿಮೆಯಾದರೂ ತಪ್ಪೇ. ತಕ್ಕಡಿಯನ್ನು ದಾರದಿಂದ ಬಿಗಿದು, ಅರಗು ಕರಗಿಸಿ, ಯಾರೂ ಬಳಸದಂತೆ ಮುದ್ರೆ ಒತ್ತಿದರು. ಇದೇ ಬಲಗೈ. ಅಂಗಡಿಯ ಮುಂದೆ ಗಿರಾಕಿಗಳು ತುಂಬಿದ್ದರು. ಹಿಂದಿನಿಂದ ಯಾರೋ, "ಇನ್‌ಸ್ಪೆಕ್ಟರ ಅಳಿಯನೇ ಹೀಗೆ ಅಂದ್ಮೇಲೆ ಉಳಿದೋರ ಕಥೆ ಏನು" ಎಂದರು. ಅದು ಇವರ ಕಿವಿಗೆ ಸ್ಪಷ್ಟವಾಗಿ ಬಿತ್ತು. ತಿರುಗಿ ಒಂದು ಮಾತು, 'ಇದು ನಿಮಗೆ ಹೆಚ್ಚೇ ಕೊಡ್ತಿತ್ತು ಕಣ್ರೀ' ಎಂಬ ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಅಳಿಯ ಆ ಮಾತಿಗಾಗಿ ಕಾಯುತ್ತ ಇವರ ಮುಖವನ್ನೇ ನೋಡುತ್ತಿದ್ದ. ಇವರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದರು.

ಸಂಜೆ ಮಗಳು ಓಡಿಬಂದಿದ್ದಳು. "ನಾಳೆ ಬಂದು ಒಂದು ಮಾತು ಹೇಳಿಬಿಡಪ್ಪ, ಸಾಕು. ಜನ ಏನೇನೋ ಅಂತಿದಾರೆ." ಆಗ ತಾವು ಕೊಟ್ಟ ಉತ್ತರ ಇನ್‌ಸ್ಪೆಕ್ಟರಿಗೆ ಅಕ್ಷರ ಬಿಡದೆ ನೆನಪಿದೆ. "ತಕ್ಕಡಿ ಸರಿ ಇದೆಯೋ ಇಲ್ವೋ ಹೇಳೋದಷ್ಟೇ ನನ್ನ ಕೆಲಸ. ಜನರ ಬಾಯಿ ತೂಗೋಕೆ ನನ್ನ ಹತ್ರ ಬಟ್ಟಿಲ್ಲ." ಮಾತು ಚೆನ್ನಾಗಿ ಕೂತಿತು ಎಂದು ಮರುದಿನ ಕಚೇರಿಯಲ್ಲೂ ಅದನ್ನು ಹೇಳಿ ನಗಿಸಿದ್ದರು. ಥೂ! ತಕ್ಕಡಿ ರಿಪೇರಿಯಾಗಿ ಮುದ್ರೆ ತೆಗೆದರೂ ಮೋಸದ ಅಂಗಡಿ ಎಂಬ ಹೆಸರು ಹೋಗಲಿಲ್ಲ. ಒಬ್ಬೊಬ್ಬರಾಗಿ ಗಿರಾಕಿಗಳು ಕಳಚಿಕೊಂಡರು, ಒಂದು ದಿನ ಅಳಿಯ ಬಾಗಿಲೆಳೆದ. ಈಗ ಯಾವುದೋ ಕಾರ್ಖಾನೆಯ ಉಗ್ರಾಣದಲ್ಲಿ ಇನ್ನೊಬ್ಬರ ಸಾಮಾನು ಎಣಿಸಿಕೊಂಡಿದ್ದಾನೆ. ಆಸ್ಪತ್ರೆಯ ಗೇಟು ಬಂದದ್ದು ಇನ್‌ಸ್ಪೆಕ್ಟರಿಗೆ ತಿಳಿಯಲೇ ಇಲ್ಲ. "ಬೆಲ್ಟ್ ಬಿಚ್ಲಾ?" ಎಂದು ಮಗಳು ಕೇಳುತ್ತಿದ್ದಳು. ಅವಳು ಬಗ್ಗಿ ಬೆಲ್ಟಿನ ಕೊಂಡಿ ಒತ್ತುವಾಗ ಅವಳ ತಲೆ ಅವರ ಎದೆಯ ಹತ್ತಿರ ಬಂತು. ಅವರು ಉಸಿರು ಬಿಗಿಹಿಡಿದು ಕೂತರು.

ಅಳತೆಯ ಕೋಣೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಹಲಗೆಯ ಒಂದು ಗೂಡು, ದೊಡ್ಡದರಿಂದ ಸಣ್ಣದರವರೆಗೆ ದಾಳದಂಥ ಮರದ ಘನಗಳು, ಒಂದು ಗೋಲಿ, ಎರಡು ಲೋಟ. ಥೆರಪಿಸ್ಟ್ ಹುಡುಗಿ ಮಗಳಿಗಿಂತ ಚಿಕ್ಕವಳು. ಮೊದಲ ದಿನವೇ ಅವಳು ಹೇಳಿದ್ದಳು, ಒಂದೊಂದು ಕೆಲಸಕ್ಕೆ ಮೂರು ಅಂಕ. ಆಗಲೇ ಇಲ್ಲವೆಂದರೆ ಸೊನ್ನೆ, ಅರ್ಧ ಆದರೆ ಒಂದು, ತಡವರಿಸಿಕೊಂಡು ಪೂರ್ತಿ ಮಾಡಿದರೆ ಎರಡು, ಎಲ್ಲರ ಹಾಗೆ ಮಾಡಿದರೆ ಮೂರು. ಬೆನ್ನು ಕುರ್ಚಿಗೆ ಅಂಟಿರಬೇಕು. ಭುಜ ಎತ್ತಿ, ಮೈ ವಾಲಿಸಿ ಕೈಯನ್ನು ಮುಂದಕ್ಕೆ ತಂದರೆ ಅದು ಕೈಯ ಕೆಲಸವಲ್ಲ, ಮೈಯ ಕೆಲಸ. ತೂಕ ಹಾಕುವಾಗ ಅಂಗಡಿಯವನು ತಟ್ಟೆಗೆ ಕಿರುಬೆರಳು ತಾಗಿಸಿದ ಹಾಗೆ, ಎಂದು ಇನ್‌ಸ್ಪೆಕ್ಟರಿಗೆ ಆಗಲೇ ಅರ್ಥವಾಗಿತ್ತು. ಅವಳ ಅಳತೆ ನೇರವಾದದ್ದು, ಕಣ್ಣು ಚುರುಕಾದದ್ದು. ತಮ್ಮ ಕೈಕೆಳಗೆ ಇಂಥವಳೊಬ್ಬಳಿದ್ದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದರು. ಆದರೆ ಅವಳಿಗೆ ಗೊತ್ತಿದ್ದದ್ದು ಇಲ್ಲದ್ದನ್ನು ಇದೆ ಎಂದು ತೋರಿಸುವವರ ಆಟ ಮಾತ್ರ. ಇದ್ದದ್ದನ್ನು ಇಲ್ಲವೆಂದು ತೋರಿಸುವವರು ಆ ಕೋಣೆಗೆ ಬಂದೇ ಇರಲಿಲ್ಲ.

"ನಿಧಾನ ಸರ್. ದೊಡ್ಡ ಘನ ಗೂಡಿನ ಮೇಲೆ ಇಡಿ. ಬೆನ್ನು ಹಿಂದಕ್ಕೆ."

ಇನ್‌ಸ್ಪೆಕ್ಟರು ಬೇಕೆಂದೇ ಬಲಕ್ಕೆ ವಾಲಿದರು. ಘನವನ್ನು ಎತ್ತಿದರು, ಗೂಡಿನ ಅಂಚಿಗೆ ತಂದರು, ಅಲ್ಲಿ ಬೆರಳು ಸಡಿಲಿಸಿದರು. ಘನ ಟಕ್ಕೆಂದು ಬಿದ್ದು ಉರುಳಿತು. ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಮಗಳು ತುಟಿ ಕಚ್ಚಿದಳು. ಗೋಲಿಯನ್ನು ಮುಟ್ಟಿ ಬಿಟ್ಟರು. ಲೋಟದಿಂದ ಲೋಟಕ್ಕೆ ನೀರು ಸುರಿಯುವಾಗ ಅರ್ಧ ಮೇಜಿಗೆ ಚೆಲ್ಲಿದರು. ಎಷ್ಟು ಚೆಲ್ಲಬೇಕೆಂಬ ಅಂದಾಜು ಈಗ ಕೈಗೇ ಬಂದಿತ್ತು. ಕೈಯನ್ನು ತಲೆಯ ಹಿಂದಕ್ಕೆ ಒಯ್ಯಿರಿ ಎಂದಾಗ ಕಿವಿಯವರೆಗೆ ತಂದು ನಡುಗಿಸಿದರು. ಥೆರಪಿಸ್ಟ್ ಹುಡುಗಿ ಬಟ್ಟೆಯಿಂದ ಮೇಜು ಒರೆಸಿ, ಪೆನ್ನನ್ನು ಕೆಳಗಿಟ್ಟಳು. ಮಾತಾಡಿದ್ದು ಇವರ ಹತ್ತಿರವಲ್ಲ, ಮಗಳ ಹತ್ತಿರ.

"ಮೇಡಂ, ಹೇಳೋಕೆ ಕಷ್ಟ ಆಗ್ತಿದೆ. ಎರಡು ತಿಂಗಳಿಂದ ಅಳತೆ ಇದ್ದಲ್ಲೇ ಇದೆ. ಮುಂದಕ್ಕೆ ಹೋಗ್ತಿರೋ ಕೈಗಷ್ಟೇ ಇಲ್ಲಿ ಜಾಗ ಕೊಡೋದು ನಮ್ಮ ಪದ್ಧತಿ. ನಿಂತುಹೋದ ಕೈ ಅಂದ್ರೆ... ಇನ್ನು ಮನೇಲೇ ನೋಡ್ಕೋಬೇಕು. ಹೊರಗಡೆ ತುಂಬಾ ಜನ ಕಾಯ್ತಿದಾರೆ. ಇವತ್ತೇ ಕೊನೆ."

ಇನ್‌ಸ್ಪೆಕ್ಟರಿಗೆ ಮೊದಲು ಅರ್ಥವೇ ಆಗಲಿಲ್ಲ. ತಪ್ಪು ತೂಗುವುದನ್ನು ಬಿಟ್ಟು, ಸರಿ ಹೋಗುತ್ತಿರುವುದನ್ನು ನೋಡಿಕೊಳ್ಳುತ್ತಾರೆಯೇ? ಇದೆಂಥ ಇಲಾಖೆ! ಹೇಳಿಬಿಡಬೇಕು, ಈಗಲೇ, ಸ್ವಲ್ಪ ತಾಳಮ್ಮ, ಇನ್ನೊಂದು ಸಲ ಮಾಡಿ ತೋರಿಸ್ತೀನಿ ಅನ್ನಬೇಕು. ಒಂದೆರಡು ಅಂಕ ಏರಿಸಿದರೆ ಸಾಕು. ಹಾಗೆಂದು ಬಾಯಿ ತೆರೆಯುವಷ್ಟರಲ್ಲಿ ಮಗಳ ಕಡೆ ನೋಡಿದರು. ಅವಳ ಕಣ್ಣು ತುಂಬಿತ್ತು. ಅದನ್ನು ಅವರು ನಿರೀಕ್ಷಿಸಿರಲಿಲ್ಲ. ವಾರ ವಾರದ ಪೀಡೆ ತೊಲಗಿತೆಂದು ಅವಳು ನಿಟ್ಟುಸಿರು ಬಿಡುತ್ತಾಳೆ ಎಂದುಕೊಂಡಿದ್ದರು. ಅವಳು ಎದ್ದು ಮೇಜಿನ ಹತ್ತಿರ ಬಂದು, "ಇನ್ನೊಂದು ತಿಂಗಳು ಕೊಡಿ ಮೇಡಂ, ನಾನು ದಿನಾ ಹೋಗಿ ಕಸರತ್ತು ಮಾಡಿಸ್ತೀನಿ" ಎನ್ನುತ್ತ ಕರವಸ್ತ್ರಕ್ಕಾಗಿ ಚೀಲಕ್ಕೆ ಕೈಹಾಕಿದಳು. ಚೀಲ ವಾಲಿ ನೀರಿನ ಬಾಟಲಿ ಮೇಜಿನ ಮೇಲೆ ಅಡ್ಡಬಿತ್ತು, ಮುಚ್ಚಳ ಉರುಳಿತು, ನೀರು ಕಾಗದಗಳ ಕಡೆ ಹರಿಯಿತು. ದಿನಾ ಬರ್ತೀನಿ ಅಂದಳೇ? ದಿನಾ? ಇನ್‌ಸ್ಪೆಕ್ಟರ ತಲೆಯಲ್ಲಿ ಆ ಒಂದೇ ಮಾತು ಸುತ್ತುತ್ತಿತ್ತು. ಬಾಟಲಿಯನ್ನೆತ್ತಿ ನೆಟ್ಟಗೆ ನಿಲ್ಲಿಸಿದರು, ಮುಚ್ಚಳವನ್ನು ಹೆಕ್ಕಿ ತಿರುಗಿಸಿ ಬಿಗಿ ಮಾಡಿದರು, ಮಗಳ ಚೀಲದೊಳಗೆ ಇಟ್ಟರು. ಆಮೇಲೆ ಕೋಣೆ ಯಾಕಿಷ್ಟು ನಿಶ್ಶಬ್ದವಾಯಿತು ಎಂದು ತಲೆಯೆತ್ತಿದರೆ, ಇಬ್ಬರು ಹೆಂಗಸರೂ ಅವರ ಬಲಗೈಯನ್ನೇ ನೋಡುತ್ತಿದ್ದರು.

ಯಾರೂ ಅವರನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಥೆರಪಿಸ್ಟ್ ಹುಡುಗಿ ಘನಗಳನ್ನು ಮತ್ತೆ ಜೋಡಿಸಿ, ತಣ್ಣಗಿನ ದನಿಯಲ್ಲಿ, "ಮೊದಲಿಂದ ಮಾಡಿ ಸರ್" ಎಂದಳು. ಮಾಡಿದರು. ದೊಡ್ಡ ಘನ, ಸಣ್ಣ ಘನ, ಗೋಲಿ, ನೀರು. ಒಂದು ಹನಿಯೂ ಚೆಲ್ಲಲಿಲ್ಲ. ಬೆನ್ನು ಕುರ್ಚಿ ಬಿಡಲಿಲ್ಲ. ಅಂಗಡಿಕಾರನೊಬ್ಬ ಸಿಕ್ಕಿಬಿದ್ದ ಮೇಲೆ ಅಡಗಿಸಿಟ್ಟಿದ್ದ ಸರಿಯಾದ ಬಟ್ಟುಗಳನ್ನು ಒಂದೊಂದಾಗಿ ಹೊರತೆಗೆದು ಮೇಜಿನ ಮೇಲಿಡುವುದನ್ನು ಅವರು ಎಷ್ಟೋ ಸಲ ನೋಡಿದ್ದರು. ಆಗೆಲ್ಲ ಅವನ ಮುಖವನ್ನು ನೋಡುವ ಗೋಜಿಗೆ ಹೋಗಿರಲಿಲ್ಲ. ಕೊನೆಗೆ ಹುಡುಗಿ, "ಕೈ ಚೆನ್ನಾಗಿ ಬಂದಿದೆ. ಇನ್ನು ನೀವು ಇಲ್ಲಿಗೆ ಬರಬೇಕಾಗಿಲ್ಲ" ಎಂದಳು. ಬಾಗಿಲವರೆಗೆ ಬಂದು, ಮಗಳಿಗೆ ಕೇಳಿಸದಂತೆ, "ಹೊರಗೆ ನೀಲಿ ಅಂಗಿಯವರು ಕೂತಿದಾರಲ್ಲ ಸರ್, ಗೋಡೆಗೆ ಬಣ್ಣ ಹೊಡಿಯೋರು. ಜಾಗ ಇಲ್ಲ ಅಂತ ವಾರ ವಾರ ಅವರನ್ನ ನಾನೇ ವಾಪಸ್ ಕಳಿಸ್ತಿದ್ದೆ" ಎಂದಳು. ಹೊರಗೆ ಬೆಂಚಿನ ಮೇಲೆ ಆ ಮನುಷ್ಯ ಕೂತಿದ್ದ, ಕೈಯನ್ನು ಮಡಿಲಲ್ಲಿಟ್ಟುಕೊಂಡು. ಇವರು ಹತ್ತಿರ ಬಂದಾಗ ಕಾಲು ಹಿಂದೆಳೆದುಕೊಂಡು ದಾರಿ ಬಿಟ್ಟ, ಗುರುತಿನ ನಗೆ ನಕ್ಕ. ಇನ್‌ಸ್ಪೆಕ್ಟರು ನೆಲ ನೋಡಿಕೊಂಡು ಮುಂದೆ ಹೋದರು.

ಕಾರಿನಲ್ಲಿ ಈಗಿದ್ದದ್ದು ಬರುವಾಗಿನ ಮೌನವಲ್ಲ. ಸೇತುವೆ ದಾಟಿದ ಮೇಲೆ ಮಗಳು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಯಾವಾಗಿಂದ?"

"ಸ್ವಲ್ಪ ದಿನ ಆಯ್ತು."

"ಯಾಕೆ?"

ಅವರು ಕಿಟಕಿಯ ಕಡೆ ತಿರುಗಿದರು. "ಕೈ ಬಂತು ಅಂದ್ರೆ ನೀನು ಬರಲ್ವಲ್ಲ" ಎಂದರು. ಹೇಳಿದ ಮೇಲೆ ಅದು ಎಷ್ಟು ಪುಟ್ಟ ಮಾತು, ಎಷ್ಟು ಮಕ್ಕಳಾಟಿಕೆಯ ಮಾತು ಎನ್ನಿಸಿ ಮೈಯೆಲ್ಲ ಕುಗ್ಗಿತು.

ಮಗಳು ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. "ಬಾ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ? ಬಾಯಿಗೇನೂ ಲಕ್ವ ಹೊಡೆದಿರಲಿಲ್ಲವಲ್ಲ." ಎಷ್ಟೋ ವರ್ಷದ ಮೇಲೆ ಅವಳ ಬಾಯಲ್ಲಿ 'ನೀನು' ಬಂದಿತ್ತು, ಅದೂ ಈ ಮಾತಿಗೆ. "ವಾರ ವಾರ ಮನೆಗೆ ಹೋದ ತಕ್ಷಣ ಅವರು ಕೇಳ್ತಾರೆ, ಮಾವನ ಕೈ ಎಷ್ಟು ಬಂತು ಅಂತ. ಹಾಗೇ ಇದೆ ಅಂದ್ರೆ ಅವತ್ತು ಸರಿಯಾಗಿ ಊಟಾನೇ ಮಾಡಲ್ಲ. ನೀನು ಕರ್ಕೊಂಡು ಹೋಗು, ಮನೆ ನಾನು ನೋಡ್ಕೋತೀನಿ ಅಂತ ಅವತ್ತಿನ ಸಂಬಳ ಬಿಟ್ಟು ರಜಾ ಹಾಕ್ತಾರೆ. ಅವರೇ ನನ್ನ ಕಳಿಸ್ತಿದ್ದಿದ್ದು, ಗೊತ್ತಾ? ನಾನು ಒಲ್ಲೆ ಅಂದಿದ್ದೆ. ಈಗ ಮನೆಗೆ ಹೋಗಿ ಏನಂತ ಹೇಳ್ಲಿ?"

ಇನ್‌ಸ್ಪೆಕ್ಟರಿಗೆ ಕುರ್ಚಿ ತರಿಸಿದ ಆ ಮುಖ ಕಣ್ಣೆದುರು ಬಂತು, ಕಾಯುತ್ತಿದ್ದ ಮುಖ. "ಆ ತಕ್ಕಡಿ ಹೆಚ್ಚೇ ಕೊಡ್ತಿತ್ತಮ್ಮ. ಅವನದೇನೂ ತಪ್ಪಿರಲಿಲ್ಲ."

"ಅದು ನನಗೂ ಗೊತ್ತು, ಅವರಿಗೂ ಗೊತ್ತು. ಗೊತ್ತಾಗಬೇಕಾಗಿದ್ದು ಅಂಗಡಿ ಮುಂದೆ ನಿಂತಿದ್ದೋರಿಗೆ."

"ಈಗ ಬಂದು ಹೇಳ್ತೀನಿ."

"ಯಾರಿಗೆ?" ಎಂದಳು ಮಗಳು. ಕೋಪವಿರಲಿಲ್ಲ ದನಿಯಲ್ಲಿ, ದಣಿವಿತ್ತು. "ಎಲ್ಲಿದೆ ಅಂಗಡಿ?" ಮತ್ತೆ ಕಾರು ಹೊರಟಿತು. ಅವಳ ಮೊಣಕೈ ಗೇರು ಬದಲಿಸುವಾಗ ಈ ಸಲ ತಾಗಲಿಲ್ಲ. ಅವಳು ಆ ಕಡೆಗೆ ಸರಿದು ಕೂತಿದ್ದಳೋ, ಇವರೇ ಕುಗ್ಗಿ ಬಾಗಿಲಿಗೆ ಅಂಟಿಕೊಂಡಿದ್ದರೋ ತಿಳಿಯಲಿಲ್ಲ. ಹೇಳಬೇಕಾದ ಮಾತುಗಳು ಒಂದರ ಹಿಂದೊಂದು ಬಂದವು. ಅವನನ್ನು ಒಂದು ಸಲ ಕರ್ಕೊಂಡು ಬಾ. ನನ್ನನ್ನೇ ನಿಮ್ಮ ಮನೆಗೆ ಕರ್ಕೊಂಡು ಹೋಗು, ಹೊರಗೇ ನಿಂತಿರ್ತೀನಿ. ಒಂದೊಂದನ್ನೂ ನಾಲಿಗೆಯ ಮೇಲಿಟ್ಟು, ಇದು ಸಾಲದು, ಇದು ಹೆಚ್ಚಾಯಿತು ಎಂದು ತೂಗುತ್ತ ಕೂತರು. ತೂಗುತ್ತಿರುವಾಗಲೇ ಬೀದಿ ಬಂತು, ಮನೆ ಬಂತು.

ವಾರ ವಾರವೂ ಇಲ್ಲಿ ಅವಳು ಇಂಜಿನ್ ಆರಿಸಿ, ಇಳಿದು, ಕಾರನ್ನು ಸುತ್ತಿ ಬಂದು, ಬಾಗಿಲು ತೆರೆದು ಕೈ ಕೊಡುತ್ತಿದ್ದಳು. ಇವತ್ತು ಇಂಜಿನ್ ಓಡುತ್ತಲೇ ಇತ್ತು. ಅವಳು ಎದುರಿನ ಗಾಜಿನತ್ತ ನೋಡುತ್ತ ಕೂತಿದ್ದಳು. ಇನ್‌ಸ್ಪೆಕ್ಟರು ಬೆಲ್ಟಿನ ಕೊಂಡಿ ಬಿಚ್ಚಿಕೊಂಡರು. ಬಲಗೈಯಿಂದ ಬಾಗಿಲಿನ ಹಿಡಿ ಎಳೆದರು. ಒಂದೇ ಸಲಕ್ಕೆ ತೆರೆಯಿತು. ಗೇಟಿನ ಹತ್ತಿರ ಅಕ್ಕ ಗೋಡೆ ಹಿಡಿದುಕೊಂಡು ನಿಂತಿದ್ದಳು.

"ಆಸ್ಪತ್ರೇಲಿ ಏನಂದ್ರು?" ಎಂದು ಅಲ್ಲಿಂದಲೇ ಕೂಗಿದಳು.

"ಕೈ ಬಂದಿದೆ ಅತ್ತೆ" ಎಂದಳು ಮಗಳು ಕಿಟಕಿಯಿಂದ. "ಪೂರ್ತಿ ಬಂದಿದೆಯಂತೆ. ಇನ್ನು ಆಸ್ಪತ್ರೆಗೆ ಹೋಗೋದು ಬೇಡವಂತೆ."

"ಅಯ್ಯೋ ನನ್ನಪ್ಪಾ!" ಎಂದು ಅಕ್ಕ ಮಂಡಿನೋವನ್ನೂ ಮರೆತು ಓಡಿಬಂದಳು. ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡಿದಳು, ಕಣ್ಣಿಗೊತ್ತಿಕೊಂಡಳು, ಅಳುತ್ತ ನಗುತ್ತ, "ನೋಡಿದ್ಯಾ, ನಾನು ಹೇಳಿರಲಿಲ್ವಾ? ಎಲ್ಲಿ, ಎತ್ತು ನೋಡೋಣ, ಎತ್ತೋ!" ಎಂದಳು. ಹಿಂದೆ ಕಾರು ಗೇರು ಬದಲಿಸಿದ ಸದ್ದು ಕೇಳಿತು. ಇನ್‌ಸ್ಪೆಕ್ಟರು ಕೈ ಬಿಡಿಸಿಕೊಂಡು ಬೀದಿಯ ಕಡೆ ತಿರುಗಿದರು. ಬಲಗೈ ಎತ್ತಿದರು, ಭುಜದಾಚೆಗೆ, ತಲೆಯಾಚೆಗೆ, ಎಲ್ಲೂ ವಾಲದೆ, ಐದೂ ಬೆರಳು ಬಿಡಿಸಿ ಎತ್ತಿದರು. ಎತ್ತಿ, ಹಾಗೆಯೇ ಹಿಡಿದುಕೊಂಡು ನಿಂತರು.

ಅಕ್ಕ ಅವರ ಮುಖವನ್ನೂ ಖಾಲಿ ಬೀದಿಯನ್ನೂ ನೋಡಿದಳು. "ಸಾಕು ಇಳಿಸೋ" ಎಂದಳು. "ಅವಳು ಆಗಲೇ ಹೋದಳಲ್ಲ."